ಗುಳ್ಳೆ ಏಳದ ಜಾಗ

ಯಾರ್ಕ್‌ಟನ್ನಿನಲ್ಲಿ ಆ ಬೆಳಿಗ್ಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ವ್ಯಾನಿನ ಬಾಗಿಲು ಚೌಕಟ್ಟಿಗೆ ಹೆಪ್ಪುಗಟ್ಟಿತ್ತು,
ಮೊಣಕೈಯಲ್ಲಿ ಗುದ್ದಿ ಇಳಿದೆ.
ಓರಿಸ್ಯಾ ಹ್ನಾಟಿಯುಕ್, ಗ್ಯಾಸ್ ಫಿಟ್ಟರ್, ಎಂದೆ.
ಕದ ತೆರೆದವನು ನನ್ನ ಬೆನ್ನ ಹಿಂದೆ ಇಣುಕಿದ,
ಫಿಟ್ಟರ್ ಎಲ್ಲಿ ಎಂಬಂತೆ.
ಇಪ್ಪತ್ತೆರಡು ವರ್ಷದಿಂದ ಇಣುಕುತ್ತಿದ್ದಾರೆ.
ನಾನೂ ತಿರುಗಿ ನೋಡಿ
ಅವನು ಬರಲಿಲ್ಲ, ನಾನೇ ಬಂದೆ ಅನ್ನುತ್ತೇನೆ.

ಲೆಸ್ಟರ್ ಪೆಲ್ಟಿಯೆ ಇಟ್ಟಿಗೆಯ ಹಳೇ ಒಲೆಗೂಡು ತೋರಿಸಿದ.
"ಚಿಮಣಿ ಹೇಗೂ ಇದೆ. ಪೆಟ್ಟಿಗೆ ಕೂರಿಸಿ, ಗ್ಯಾಸ್ ಕೊಡಿ,
ಹೋಗೋದು ತಾನಾಗಿ ಮೇಲೆ ಹೋಗುತ್ತೆ."

ಬೆಂಕಿಯಿಲ್ಲದೆ ಹೊಗೆಯಾಡದು, ನಿಜ.
ನಾನು ಹೆದರುವುದು ಹೊಗೆಯಾಡದ ಬೆಂಕಿಗೆ.
ಕಣ್ಣಿಗೆ ಸಿಗದು, ಮೂಗಿಗೆ ತಿಳಿಯದು,
ತಲೆನೋವೆಂದು ಬಂದು
ನಿದ್ದೆಯೆಂದು ಕೂರುತ್ತದೆ.
ನನ್ನ ಸೋದರಮಾವ ಮೆಥೋಡಿ ಕೆರೆಯ ಮಂಜಿನ ಮೇಲೆ,
ಮೀನಿನ ಗುಡಿಸಲಲ್ಲಿ, ಹೀಟರ್ ಹಚ್ಚಿಕೊಂಡು
ಚಳಿ ನುಗ್ಗುವ ತೂತಿಗೆ ತನ್ನ ಬಲಗೈಯ ಗವಸು ತುರುಕಿದ.
ನಮಗೆ ಸಿಕ್ಕಾಗ ಎಡಗೈಗೆ ಮಾತ್ರ ಗವಸಿತ್ತು.
ಗಾಳ ನೀರಲ್ಲೇ ಇತ್ತು.

ಇದನ್ನು ಲೆಸ್ಟರನಿಗೆ ಹೇಳಲಿಲ್ಲ. ಗಿರಾಕಿಗಳಿಗೆ ಹೇಳುವುದಿಲ್ಲ.
ಟಾರ್ಚನ್ನು ಚಿಮಣಿಗೆ ಬಿಟ್ಟೆ; ಬೆಳಕು ಅರ್ಧದಲ್ಲೇ ನಿಂತಿತು.
ಕೊಕ್ಕೆ ಹಾಕಿ ಎಳೆದರೆ ಸುರಿಯಿತು ಗೂಡು:
ಗೋಧಿಹುಲ್ಲು, ಬೇಲು ಕಟ್ಟುವ ದಾರ,
ನೀಲಿ ತಾರ್ಪಾಲಿನ ಎಳೆ, ಹುಟ್ಟುಹಬ್ಬದ ಒಂದು ಮೋಂಬತ್ತಿ.
ಅದು ನಂದು, ಎಂದಳು ಮಗಳು ಜೋಸೆಟ್. ಆರು ವರ್ಷ.

ಗೋಡೆಯ ಮೇಲೆ ಅಲಾರಾಂ ಇತ್ತು, ಹೊಟ್ಟೆ ಖಾಲಿ.
"ಅಕ್ಟೋಬರ್ ಹಬ್ಬದ ರಾತ್ರಿ ಸೌದೆ ಹಚ್ಚಿದ್ವಿ,
ಸುಮ್ಮಸುಮ್ಮನೆ ಕಿರುಚಿಕೊಳ್ತು. ಬ್ಯಾಟರಿ ತೆಗೆದು
ಇವಳ ಕರಡಿಗೆ ಹಾಕಿದೆ."
ಕರಡಿ ಸೋಫಾದ ಮೇಲೆ ಡೋಲು ಬಾರಿಸುತ್ತಿತ್ತು.
ಆ ರಾತ್ರಿ ಯಾರಿಗಾದರೂ ತಲೆ ನೋಯಿತಾ?
"ಎಲ್ಲರಿಗೂ. ಟರ್ಕಿ ಜಾಸ್ತಿಯಾಯ್ತು ಅಂದ್ಕೊಂಡ್ವಿ."
ಕಿಟಕಿ?
"ಇವಳು ತೆಗೆದಿಟ್ಟಿದ್ದಳು. ಕರಡಿಗೆ ಸೆಕೆ ಅಂತ."

ಹೇಳುತ್ತ ಹೇಳುತ್ತ ಅವನ ದನಿ ನಿಧಾನವಾಯಿತು.
ಗೂಡನ್ನು ನೋಡಿದ. ಅಲಾರಾಂ ನೋಡಿದ.
ಎಷ್ಟು ಹೊತ್ತಾಗುತ್ತೆ ಎಂದು ಮತ್ತೆ ಕೇಳಲಿಲ್ಲ.

ಚಿಮಣಿ ಮುಚ್ಚಿದೆ. ಪಕ್ಕದ ಹೊರಗೋಡೆಗೆ ಗುರುತು ಹಾಕಬೇಕು.
ಹೋದ ಮಾರ್ಚಿನಲ್ಲಿ ಹಿಮ ಎಲ್ಲಿಯವರೆಗೆ ಬಂದಿತ್ತು?
ಲೆಸ್ಟರ್ ತನ್ನ ಮಂಡಿ ತೋರಿಸಿದ,
ಜೋಸೆಟ್ ತನ್ನ ಕುತ್ತಿಗೆ.
ಕುತ್ತಿಗೆಯನ್ನು ನಂಬಿ ಅದರ ಮೇಲೊಂದು ಮೊಳ ಬಿಟ್ಟೆ,
ಕಿಟಕಿಯಿಂದ ದೂರ, ಬಟ್ಟೆ ಒಣಗಿಸುವ ಯಂತ್ರದ ಬಾಯಿಂದಲೂ ದೂರ.
ಕೊಳವೆಯೊಳಗೆ ಕೊಳವೆ: ಹೊರಗಿನದು ಉಸಿರು ತರಲು,
ಒಳಗಿನದು ಉಸಿರು ಬಿಡಲು.
ಗೋಡೆ ದಾಟುವಲ್ಲಿ ತುಸು ಏರುಮುಖ,
ಮರ ತಾಗದಂತೆ ಸುತ್ತ ತಗಡಿನ ಬಳೆ.
ಒಂದು ಸಲ ಅಳತೆ ತಪ್ಪಿತು. ಬೈದುಕೊಂಡೆ, ಉಕ್ರೇನಿಯನ್ನಿನಲ್ಲಿ,
ಮಗು ಇತ್ತಲ್ಲ.

ಆಮೇಲೆ ಕೀಲುಕೀಲಿಗೂ ಸೋಪುನೀರು ಬಳಿದು
ಮಂಡಿಯೂರಿ ಕಾಯುವುದು.
ನನ್ನ ಕೆಲಸದಲ್ಲಿ ನನಗಿಷ್ಟದ ಹೊತ್ತು ಇದೇ:
ಏನೂ ಆಗದಿರುವುದನ್ನು ಕಣ್ಣಿಟ್ಟು ನೋಡುವುದು.
ಜೋಸೆಟ್ ಪಕ್ಕದಲ್ಲೇ ಕೂತಳು.
ಗುಳ್ಳೆ ಬರುತ್ತಾ?
ಬರಬಾರದು.
ಒಂದೇ ಒಂದು?
ಒಂದೂ.
ಅವಳಿಗೆ ಬೇಜಾರಾಯಿತು.

ಹಚ್ಚಿದೆ. ಮೊದಲು ನೀಲಿ; ಕಾಲು ಗಂಟೆಗೆ ತುದಿಯಲ್ಲಿ ಹಳದಿ.
ಗಾಜಿನ ಮುಂದೆ ಜಾಲರಿ, ಆರು ವರ್ಷದ ಬೆರಳುಗಳಿಗಾಗಿ.
ಹೊಸ ಬಣ್ಣ ಸುಟ್ಟ ವಾಸನೆ ಬಂತು. ನಾನು ಹೇಳುವ ಮೊದಲೇ
ಆ ಚಳಿಯಲ್ಲಿ ಲೆಸ್ಟರ್ ಕಿಟಕಿ ತೆರೆದು,
ಕರಡಿಯ ಬೆನ್ನು ಬಿಚ್ಚಿದ.
ಅಲಾರಾಮಿಗೆ ಹಸಿರು ಚುಕ್ಕಿ ಹತ್ತಿತು.
ಕರಡಿ ಕೋಲೆತ್ತಿ ನಿಂತುಬಿಟ್ಟಿತು.

ಹೊರಡುವಾಗ ಮನೆಯ ಬದಿಗೆ ಹೋದೆ,
ಹಿಮದಲ್ಲಿ ತೊಡೆಯವರೆಗೆ ಹೂತು.
ಬಲಗೈ ಗವಸು ತೆಗೆದು
ಕೊಳವೆಯ ಬಾಯಿಂದ ಒಂದು ಮಾರು ದೂರದಲ್ಲಿ
ಅಂಗೈ ಹಿಡಿದೆ.
ಬೆಚ್ಚಗೆ, ತುಸು ತೇವವಾಗಿ,
ಹೋಗುತ್ತಿತ್ತು.