ಕನಿಷ್ಠ ತಾಪಮಾನ, ಜನವಾಡಾ ರಸ್ತಾ

ನಮ್ಮ ಬೀದರದಾಗ ಬರ್ಫ ಅಂದ್ರ
ಕಡ್ಡಿಗೆ ಚುಚ್ಚಿದ ಕೆಂಪು ನೀರು.
ಬ್ಯಾಸಿಗಿ ಮಧ್ಯಾಹ್ನ ಸೈಕಲ್ ಮ್ಯಾಲ
ಗಂಟಿ ಹೊಡಕೋತ ಬರತದ.
ಆಕಾಶದಿಂದ ಬೀಳೋದು ಬರೀ ಟೀವಿಯಾಗ.
ಆದ್ರೂ ಡಿಸೆಂಬರ್ ಹದಿನೈದು ದಾಟಿತಂದ್ರ
ತೊಗರಿ ಹೊಲದಿಂದ ಎದ್ದ ಗಾಳಿ
ಸಾಲಿ ಮಾಸ್ತರನಂಗ ಕಿವಿ ಹಿಡದು ಹಿಂಡತದ.

ನನ್ನ ಕೆಲಸ ಸಣ್ಣದು.
ನಾಕು ಕಾಲ ಮ್ಯಾಲ ನಿಂತ ಬಿಳಿ ಪೆಟಗಿ,
ಅದರೊಳಗ ಅಡ್ಡ ಮಲಗಿದ ಗಾಜಿನ ಕಡ್ಡಿ.
ಮುಂಜಾನೆ ಎಂಟೂವರಿಗೆ ಬಾಗಿಲು ತೆಗದು,
ಉಸಿರು ಬಿಗಿ ಹಿಡದು
(ಬಾಯಿ ಉಗಿ ತಾಕಿದ್ರ ಅಂಕಿ ಸುಳ್ಳಾಡತದ)
ರಾತ್ರಿ ಎಲ್ಲಿ ತನಕ ಇಳದಿತ್ತು ಅಂತ ಓದಿ ಬರಕೊಳ್ಳೋದು.
ಆ ಪೆಟಗಿಗೆ ಗ್ವಾಡಿ ಅಂತ ಇಲ್ಲ, ಓರೆ ಪಟ್ಟಿ ಅಷ್ಟೇ.
ಸಂದಿ ಸಂದಿಯೊಳಗ ಗಾಳಿ ಆಡತದ.

"ಎಷ್ಟಾತ್ರಿ ಮೇಡಂ ಇವತ್ತ?"
ಬೇಲಿ ಆಚಿಂದ ಝರೆಪ್ಪ, ಬೀಜದ ಗೋದಾಮಿನ ಕಾವಲುಗಾರ.
ತಲಿಗೆ ಟಾವೆಲ್, ಅದರ ಮ್ಯಾಲ ಮೊಮ್ಮಗನ ಮಂಕಿ ಟೋಪಿ.
ಗಂಜಿನಾಗ ಧಾರಣಿ ಕೇಳಿದಂಗ ಕೇಳತಾನ.
"ಏಳು ಪಾಯಿಂಟ್ ಎರಡು."
"ಇಳೀತಲ್ಲ! ಈಗ ಮಾರಬ್ಯಾಡ್ರಿ, ತಡೀರಿ."

ಮ್ಯಾಲಿಂದ ಸುದ್ದಿ ಬಂತು: ನಾಕು ದಿನ ಥಂಡಿ ಅಲೆ.
ಸೂಚನೆ ನಾನೇ ಬರದೆ, ಇಸ್ತ್ರಿ ಹೊಡದ ಕಚೇರಿ ಕನ್ನಡದಾಗ:
ವೃದ್ಧರು, ಮಕ್ಕಳು ನಸುಕಿನಲ್ಲಿ ಹೊರಬರಬಾರದು.
ಮಂಜು ಕವಿದಾಗ ವಾಹನಗಳು ನಿಧಾನವಾಗಿ ಚಲಿಸತಕ್ಕದ್ದು.
ಎಳೆಯ ಕರುಗಳಿಗೆ ಗೋಣಿಚೀಲ ಹೊದಿಸುವುದು.
ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆ ಇಡತಕ್ಕದ್ದಲ್ಲ.
ಝರೆಪ್ಪಗೂ ಒಂದು ಪ್ರತಿ ಕೊಟ್ಟೆ.
ಮಡಚಿ ಎದಿ ಕಿಸೇದಾಗ ಇಟ್ಟುಕೊಂಡು "ಬೆಚ್ಚಗಾತ್ರಿ" ಅಂದ.
ಅಗ್ಗಿಷ್ಟಿಕೆ ಅಂದ್ರ ಅವನ ಶೇಗಡಿ ಅಂತ
ನಾ ಹೇಳಲಿಲ್ಲ. ಅವ ಕೇಳಲಿಲ್ಲ.

ಮೂರನೇ ದಿನ.
ಮಂಜು ಎಷ್ಟಿತ್ತಂದ್ರ ಸ್ಕೂಟಿ ದೂಕಿಕೋತ ಬಂದೆ,
ಎದರಿನ ಬಸ್ಸು ಬರೀ ಹಾರ್ನ್ ಆಗಿತ್ತು.
ಎಂಟೂ ಇಪ್ಪತ್ತೈದು. ಪೆಟಗಿ ಚಿಲಕಕ್ಕ ಕೈ ಹಾಕಿದೆ.
ಧಾರಣಿ ಕೇಳೋರಿಲ್ಲ.

ಚಿಲಕ ಬಿಟ್ಟೆ.

ತಗಡಿನ ಕೋಲಿ. ಬಾಗಿಲ ಕೆಳಗಿನ ಸಂದಿಗೆ
ಒಳಗಿಂದ ಗೋಣಿಚೀಲ ತುರುಕಿದ್ದ,
ಕರುವಿಗೆ ಅಂತ ನಾ ಬರದ ಗೋಣಿಚೀಲ.
ಹಾಲಿನ ಖಮರುದ್ದೀನ ಕ್ಯಾನ್ ಇಳಿಸಿ ಓಡಿ ಬಂದ,
ಇಬ್ಬರೂ ಹೆಗಲು ಕೊಟ್ವಿ,
ಮೂರನೇ ಸಲಕ ಅಗಳಿ ಕಿತ್ತು ಬಂತು.
ಶೇಗಡಿ ಇನ್ನೂ ಕೆಂಪಗಿತ್ತು. ಹೊಗಿ ಇಲ್ಲ, ವಾಸನಿ ಇಲ್ಲ.
ಝರೆಪ್ಪ ಗ್ವಾಡಿಗೆ ಆನಿ ಕೂತಿದ್ದ,
ಮದುವಿ ಹಂದರದಾಗ ಉಂಡು ತೂಕಡಿಸಿದಂಗ.
ರಟ್ಟಿ ಹಿಡದು ಜಗ್ಗಿದ್ವಿ,
ಇಬ್ಬನಿ ಹುಲ್ಲಿನ ಮ್ಯಾಲ ಮಲಗಿಸಿದ್ವಿ.
ಯಾವ ಥಂಡಿಗೆ ಅಂಜಿ ಅವ ಬಾಗಿಲು ಹಾಕಿದ್ನೋ
ಅದೇ ಥಂಡಿ ಮೂಗಿನಾಗ ಹೋಯ್ತು,
ಬಂತು.
ಭಾಳ ಹೊತ್ತಿನ ಮ್ಯಾಲ ಮತ್ತ ಹೋಯ್ತು.

ಆಂಬ್ಯುಲೆನ್ಸ್ ಮಂಜಿನಾಗ ನಮ್ಮ ಗೇಟು ಕಾಣದ
ಜನವಾಡಾ ತನಕ ಹೋಗಿ ತಿರುಗಿ ಬಂತು.
ಎತ್ತಿ ಹಾಕೋ ಮುಂದ ಝರೆಪ್ಪ ಒಂದು ಕಣ್ಣು ತೆಗದ:
"ಎಷ್ಟಾತ್ರಿ?"

ಆಗ ಹತ್ತೂ ಹತ್ತು.
ಬಿಸಲು ಬಿದ್ದಿತ್ತು. ಕಡ್ಡಿಯೊಳಗಿನ ಗುರುತು ಮಾತ್ರ
ಇಳದ ಜಾಗಾದಾಗೇ ಕೂತು ಕಾಯತಿತ್ತು:
ಐದು ಪಾಯಿಂಟ್ ಎಂಟು.
ರಜಿಸ್ಟರಿನಾಗ 'ತಡವಾದ ಕಾರಣ' ಅಂತ ಒಂದು ಖಾನಿ ಅದ,
ಅಂಗುಲದಷ್ಟು ಅಗಲ.
'ಮಂಜು' ಅಂತ ಬರದು ಸಹಿ ಮಾಡಿದೆ.

ಮರುದಿನದ ಸೂಚನೆಯಾಗ
ಅಗ್ಗಿಷ್ಟಿಕೆ ಹೊಡದು ಹಾಕಿ ಶೇಗಡಿ ಅಂತ ತಿದ್ದಿದೆ.
ಮ್ಯಾಲಿನವರು ಶೇಗಡಿ ಹೊಡದು ಹಾಕಿ
ತಿರುಗಿ ಅಗ್ಗಿಷ್ಟಿಕೆ ಮಾಡಿ ಕಳಿಸಿದ್ರು.

ಈಗ ಆ ಕೋಲಿ ತಗಡಿಗೆ ನಾಕು ಓರೆ ಸೀಳು,
ವೆಲ್ಡಿಂಗ್ ಹುಡುಗನ ಕರಕೊಂಡು ಬಂದು ನಾನೇ ಕೊರಸಿದ್ದು.
"ನಿಮ್ಮ ಪೆಟಗಿಯೊಳಗ ನನ್ನೂ ಇಟ್ಟುಬಿಟ್ರೇನ್ರಿ,
ರಾತ್ರಿ ಎಲ್ಲಾ ಗಾಳಿ!" ಅಂತ
ಬೇಲಿ ಆಚಿಂದ ದಿನಾ ಬೈತಾನ.
ಬೈಯಲಿ.
ಬೈಯೋ ಮುಂದ ಬಾಯಿಂದ ಉಗಿ ಬರತದ,
ಇಲ್ಲಿ ತನಕ ಕಾಣತದ.