ಬೆಳಿಗ್ಗೆ ಎಂಟರೊಳಗೆ

ಖಾಲಿ ಹೊಟ್ಟೆಯಲ್ಲಿ ಬರಬೇಕು, ಎಂಟರೊಳಗೆ,
ಆಮೇಲೆ ಅದು ಇಳಿಯುತ್ತದಂತೆ, ಭರತದ ನೀರಿನ ಹಾಗೆ.
ಕಾಜುಬಾಗದ ಲ್ಯಾಬಿನ ಹುಡುಗಿ ಚೀಟಿ ಹಿಡಿದು
ಕೂಗಿದಳು: ಪುರ್ಸು ಹರಿಕಂತ್ರ, ಟೆಸ್ಟೋಸ್ಟೆರಾನ್!
ಸಕ್ಕರೆ ಕಾಯಿಲೆಯ ಮುದುಕರಿಬ್ಬರು ತಲೆಯೆತ್ತಿದರು.
ನಾಲ್ಕು ಸಿಲಿಂಡರಿನ ಇಂಜಿನ್ನು
ಒಂದೇ ಕೈಯಲ್ಲಿ ತಿರುಗಿಸಿದವನು ನಾನು,
ಆ ಐದು ಹೆಜ್ಜೆಗೆ ಗೋಡೆ ಹಿಡಿದೆ.

ಪುಡಿಯ ಡಬ್ಬಿ ತಂದದ್ದು ಅದಕ್ಕೂ ಮೊದಲು.
ಅಂಗಡಿಯವನು ದನಿ ತಗ್ಗಿಸಿದ್ದ:
ಹಿಮಾಲಯದ್ದು, ಹುಳದ ತಲೆ ಸೀಳಿ ಮೇಲೆದ್ದ ಅಣಬೆ,
ಮೂರು ತಿಂಗಳು ತಗೊಳ್ಳಿ, ಆಮೇಲೆ ನೋಡಿ.
ಸತ್ತ ಹುಳದಿಂದ ಎದ್ದದ್ದು ನನ್ನನ್ನು ಬಿಟ್ಟೀತೆ?
ಶೇವಂತಿಗೆ ಪಿತ್ತದ ಔಷಧ ಎಂದೆ.
ಅವಳು ಡಬ್ಬಿಯ ಮೇಲಿನ ಕುದುರೆಯನ್ನು ನೋಡಿದಳು,
ನನ್ನನ್ನು ನೋಡಿದಳು,
ಬಂಗಡೆಯ ಕರುಳು ತೆಗೆಯುತ್ತಾ
ಪಿತ್ತಕ್ಕೂ ಕುದುರೆ ಬಂತಾ ಅಂದಳು, ಅಷ್ಟೆ.

ಚೀಟಿಯಲ್ಲಿ ಇನ್ನೂರ ಹನ್ನೆರಡು.
ಪಕ್ಕದಲ್ಲೊಂದು ಬಾಣ, ಕೆಳಮುಖ.
ಅಚ್ಚು ಹಾಕಿದವನಿಗೆ ಬೇರೆ ಗುರುತೇ ಸಿಗಲಿಲ್ಲವೆ?
ಡಾಕ್ಟರು ಡಬ್ಬಿಯನ್ನು ತಿರುಗಿಸಿ ಓದಿ ಪಕ್ಕಕ್ಕಿಟ್ಟರು,
ಇದರಿಂದ ಏರುತ್ತದೆ ಅನ್ನಲು ನನ್ನ ಬಳಿ ಏನೂ ಇಲ್ಲ,
ರಾತ್ರಿ ಎಷ್ಟು ಹೊತ್ತು ಮಲಗುತ್ತೀರಿ?
ನಗು ಬಂತು. ಹದಿನೆಂಟು ವರ್ಷದಿಂದ
ಬೈತಖೋಲದ ದಕ್ಕೆಯಲ್ಲಿ ನನ್ನ ರಾತ್ರಿಗಳು
ಡೀಸೆಲ್ಲಿನಲ್ಲಿ ನೆನೆದ ಬಟ್ಟೆ.
ಮೂರಕ್ಕೆ ದೋಣಿ ಕೆಟ್ಟರೆ ಮೂರಕ್ಕೇ ಬೆಳಗು.

ಜೂನ್ ಬಂತು, ಬಲೆ ಬಂದ್, ದೋಣಿಗಳೆಲ್ಲ ದಡಕ್ಕೆ.
ನಾನು ಮಲಗಿದೆ. ಮಳೆಯೂ ಕೇಳದಷ್ಟು ಮಲಗಿದೆ.
ಒಂದು ದಿನ ಶೇವಂತಿ ಅಂಕೋಲೆಯ ಪೇಟೆಯಿಂದ
ಸಾಗುವಾನಿ ಎಲೆಯಲ್ಲಿ ಹುತ್ತದಣಬೆ ತಂದಳು,
ಬುಡದ ಕೆಮ್ಮಣ್ಣು ಇನ್ನೂ ಹಸಿ.
ಮಾರುತ್ತಿದ್ದ ಹಾಲಕ್ಕಿ ಸೋಮಿಯನ್ನು ಕೇಳಿದಳಂತೆ,
ಗಂಡಸರಿಗೆ ಒಳ್ಳೇದಾ ಇದು?
ಸೋಮಿ ಕೊರಳಿನ ಮಣಿಸರ ಸರಿಮಾಡಿಕೊಂಡು
ಹೆಂಗಸರಿಗೂ ಒಳ್ಳೇದೇ, ಉಪ್ಪು ಸಮ ಬಿದ್ರೆ, ಅಂದಳಂತೆ.
ಬೆರಳು ಮಾತ್ರ ತೋರಿಸಬೇಡಿ, ನಾಚಿ ಕೊಳೆತುಹೋಗ್ತದೆ.

ತೆಂಗಿನ ತುರಿ, ತೆಪ್ಪಲ, ಒಂದು ಚೂರು ಮುರುಗಲ ಸಿಪ್ಪೆ.
ಹುಡುಗರು ಮೀನಿಲ್ಲದ್ದು ಮರೆತು ಬಟ್ಟಲು ನೆಕ್ಕಿದರು.

ಆಗಸ್ಟಿನ ಚೀಟಿಯಲ್ಲಿ ಮುನ್ನೂರ ನಲವತ್ತು. ಬಾಣ ಇಲ್ಲ.
ಅಂಗಡಿಯವನು ನೋಡಿದ್ರಾ ಅಂದ.
ಡಾಕ್ಟರು ನಿದ್ದೆ ಅಂದರು.
ಶೇವಂತಿ ಅಂಕಿಯನ್ನು ಓದಲೇ ಇಲ್ಲ,
ಮಡಚಿ ಕಿಟಕಿಯ ಸಂದಿಗೆ ತುರುಕಿದಳು,
ಇರಚಲು ಹೊಡೆಯುತ್ತಿತ್ತು.
ಕುದುರೆಯ ಡಬ್ಬಿಯಲ್ಲಿ ಈಗ ನಟ್ಟು, ಬೋಲ್ಟು, ಒಂದು ಹಳೆಯ ವಾಲ್ವು.

ದೋಣಿಗಳು ಮತ್ತೆ ಇಳಿದಿವೆ.
ಇವತ್ತು ಮೂರಕ್ಕೆ ಫೋನು ಬಂತು.
ಕತ್ತಲಲ್ಲಿ ಅಂಗಿ ತಡಕಾಡುವಾಗ ಅವಳ ಕೈ ಸಿಕ್ಕಿತು.
ಸ್ವಲ್ಪ ತಡವಾಗಿ ಹೋದೆ.