ಕೊಸರು

"ತೂಕ ಎಷ್ಟರೀ ಸಾಹೇಬ್ರ?" ಅಂದ್ಳು ನೀಲಗಂಗಾ ಅಂಬಿಗೇರ,
ರಿಜಿಸ್ಟರದ ಮ್ಯಾಲ ಪೆನ್ನು ಹಿಡಕೊಂಡು.
ಆಕಿ ಬೆನ್ನ ಹಿಂದ ಹಿನ್ನೀರು
ಎಣ್ಣಿ ಸವರಿದ ಹಂಚಿನಂಗ ಮಿಂಚತಿತ್ತು.

ಮೂವತ್ತೊಂದು ವರ್ಷ ನಾ ತೂಕ-ಅಳತಿ ಇಲಾಖೆಯೊಳಗ.
ಬಾಗಲಕೋಟಿ ಪ್ಯಾಟ್ಯಾಗ ನನ್ನ ಜೀಪು ಹೊಳ್ಳಿದರ
ತಕ್ಕಡಿಗೋಳು ತಾವ ನೆಟ್ಟಗ ನಿಲ್ಲತಿದ್ದವು.
ತಟ್ಟಿ ತಳಕ್ಕ ಮೆತ್ತಿದ ಮೇಣ,
ಹೊಟ್ಟಿ ಕೊರಿಸಿಕೊಂಡ ಕಿಲೋ ಗುಂಡು,
ಕಾಟಾದ ಅಂಚಿಗಿ ಸುಮ್ಮನ ತಾಗಿದ ಹೆಬ್ಬೆರಳು
ಎಲ್ಲಾ ಹಿಡದೀನಿ, ದಂಡದ ರಸೀದಿ ಹರದು ಕೊಟ್ಟೀನಿ.

ಅಂಥಾಂವ ನಾನು
"ಎಪ್ಪತ್ತೆಂಟು" ಅಂದೆ.

ಆಕಿ ನನ್ನ ಮಾರಿ ನೋಡಲಿಲ್ಲ, ಹೊಟ್ಟಿ ನೋಡಿದ್ಳು.
ಅವರಪ್ಪ ಹರಗೋಲಿನಂವ.
ದಂಡಿಗಿ ನಿಂತ ಮಂದೀನ ಕಣ್ಣಾಗ ತೂಗಿ
"ಆಡು ಆ ಕಡೆ, ಮಾವ ಈ ಕಡೆ,
ಮದುಮಗ ನಟ್ಟನಡುವ" ಅಂತಿದ್ದನಂತ.
ಮಗಳು ಗೋವಾದಿಂದ ಹಳೇ ಹಲಗಿ ತಂದಾಳ,
ನಾಕು, ತ್ಯಾಪಿ ಹಚ್ಚಿದ್ದು.

"ಹಂಗಾರ ಇದು ತಗೋರಿ.
ಹತ್ತಡಿ ಉದ್ದ, ಮೂವತ್ತಿಂಚು ಅಗಲ, ನೂರಾ ಎಪ್ಪತ್ತು ಲೀಟರು.
ಹೊಸಬರಿಗಿ ಕಿಲೋಕ್ಕ ಎರಡು ಲೀಟರು ಲೆಕ್ಕ.
ಕಡಿಮಿ ಹೇಳಿದರ ನನಗೇನು ಲುಕ್ಸಾನಿಲ್ಲ."

ಹಲಗಿ ಮುಳುಗಲಿಲ್ಲ.
ಮುಳುಗಿದ್ದರ ಮರ್ಯಾದಿ ಉಳೀತಿತ್ತು.
ಅಂಚು ದಾಟಿ ನೀರು ಬಂದು ಹಿಮ್ಮಡ ನೆಕ್ಕಿತು,
ಹಲಗಿ ಎಡಕ್ಕ ಅಂದ್ರ ನಾ ಬಲಕ್ಕ,
ಕುಂತಾಂವನೂ ಅಲ್ಲ, ನಿಂತಾಂವನೂ ಅಲ್ಲ,
ಹಂಗ ಒಂದು ಗಳಿಗಿ. ಆಮ್ಯಾಲ ಧಡಲ್!
ಎಮ್ಮಿ ಮೈ ತೊಳೀತಿದ್ದ ಹುಡುಗರು
ಎಮ್ಮಿ ಬಿಟ್ಟು ನನ್ನ ನೋಡಿದ್ರು.

"ಖರೇ ಎಷ್ಟರೀ?"
"ತೊಂಬತ್ತೆಂಟು."
"ಊಟ ಆಗೇತಿ?"
"ಆಗೇತಿ."
"ಹಂಗಾರ ನೂರು" ಅಂತ ಹಳೇದರ ಮ್ಯಾಲ ಗೀಟು ಹಾಕಿ ಬರದ್ಳು.

ಎಳದು ತಂದಿದ್ದು ಹನ್ನೊಂದೂವರಿ ಅಡಿದು,
ಮೂವತ್ನಾಕು ಇಂಚು ಅಗಲ, ಇನ್ನೂರಾ ಎಂಬತ್ತು ಲೀಟರು.
ನನ್ನ ಚಾಳಿ ಬಿಡಬೇಕಲ್ಲ,
"ಲೆಕ್ಕಕ್ಕ ಇನ್ನೂರ ಸಾಕಲ್ಲವಾ?" ಅಂದೆ.

"ಉಳದದ್ದು ಕೊಸರು ರೀ.
ನೀರಿನ ಬಾಟಲಿ, ಒದ್ದಿ ಅಂಗಿ, ತೆರಿ,
ಮೊಣಕಾಲ ನಡುಗತಾವಲ್ಲ, ಅದಕ್ಕ.
ಹಂಗಂತ ಎಲ್ಲಾರಿಗೂ ದೊಡ್ಡದು ಕೊಡಾಕ ಬರಂಗಿಲ್ಲ.
ಮೊನ್ನೆ ಮೂವತ್ತೆಂಟು ಕಿಲೋದ ಹುಡುಗಿ ಇದರ ಮ್ಯಾಲ ನಿಂತ್ಳು,
ಹೊಳ್ಳಿಸಾಕ ಆಗಲಿಲ್ಲ ಆಕಿಗಿ,
ಗಾಳಿ ಒಯ್ದು ಜಾಲಿ ಕಂಟ್ಯಾಗ ಒಗೀತು."

ಕೊಸರು.

ಈ ನೀರಿನ ತಳಕ್ಕ ಹಳೇ ಪ್ಯಾಟಿ ಐತಿ.
ಅಲ್ಲೆ ಬೀಬಿಜಾನ ಬದನಿಕಾಯಿ ಮಾರತಿದ್ಳು,
ಅರ್ಧ ಕಿಲೋ ಗುಂಡಿನ ಜಾಗಾದಾಗ ಒಂದು ಕರೀ ಕಲ್ಲು,
ಹೊಳಿಯಾಗ ಹೊರಳಿ ಹೊರಳಿ ನುಣ್ಣಗಾದದ್ದು.
ಮುದ್ರಿ ಇಲ್ಲ ಅಂತ ಕಸಗೊಂಡೆ.
"ಅದು ನಮ್ಮವ್ವನ ಕಲ್ಲು ಸಾಹೇಬ್ರ" ಅಂದ್ಳು. ಅಷ್ಟ.

ಆಫೀಸಿನ ಕಾಟಾದಾಗ ಇಟ್ಟು ನೋಡಿದೆ,
ಮೂರು ಸಲ ನೋಡಿದೆ:
ಐನೂರಾ ಹನ್ನೆರಡು ಗ್ರಾಂ.

ಗಿರಾಕಿಗೊಂದು ಹನ್ನೆರಡು ಗ್ರಾಂ ಹೆಚ್ಚಿಗಿ,
ಎರಡು ತಲಿಮಾರು.
ಹೊಳ್ಳಿಸಿ ಕೊಟ್ಟರ ಇಲಾಖೆ ತಪ್ಪಾದಂಗಲ್ಲ?
ಕಾಗದ ಹಾರದಂಗ ಟೇಬಲ್ ಮ್ಯಾಲ ಇಟಗೊಂಡೆ.
ಆಫೀಸು ನವನಗರಕ್ಕ ಹೋದಾಗ
ಫೈಲು ಎಣಿಸಿದಿವಿ, ಕುರ್ಚಿ ಎಣಿಸಿದಿವಿ,
ಕಲ್ಲು ಕಿಟಕ್ಯಾಗ ಉಳೀತು.
ಆಮ್ಯಾಲ ನೀರು ಬಂತು.

ಮೊಣಕಾಲೂರಿ ಕುಂತೆ ಮೊದಲು,
ಹಲಗಿ ನಡುವಿನ ಹಿಡಿಕಿಯ ಅತ್ತಿತ್ತ ಕಾಲಿಟ್ಟೆ,
ಎದ್ದೆ.
ಹಿಮ್ಮಡ ಒಣಾ ಒಣಾ.
ತೊಂಬತ್ತೆಂಟು ಕಿಲೋ, ಮ್ಯಾಲ ಎರಡು ಜ್ವಾಳದ ರೊಟ್ಟಿ,
ಪಲ್ಲ್ಯಾ, ಸುಳ್ಳು, ಎಲ್ಲಾ ಹೊತ್ತು
ಹಲಗಿ ಮುಂದ ಸರೀತು.
ಹುಟ್ಟು ಮುಷ್ಟಿಮಟಾ ಇಳಿಸಿದೆ. ತಳ ಸಿಗಲಿಲ್ಲ.

"ಕೆಳಗ ನೋಡಬ್ಯಾಡ್ರೀ, ಬೀಳ್ತೀರಿ!"
ದಂಡಿಯಿಂದ ಒದರಿದ್ಳು ಅಂಬಿಗೇರ ಹುಡುಗಿ.

ನೋಡಿದೆ.
ಹಲಗಿ ಒಮ್ಮೆ ಅಲುಗಿತು,
ತಾಳಕೊಂತು.